ಹಿಂದೆ ಕೂತವಳು ಕಂಡದ್ದು

ದೋಣಿಗೆ ಅವರು ಎಮ್ಮೆ ಎಂದು ಹೆಸರಿಟ್ಟಿದ್ದರು. ಕಪ್ಪಗಿತ್ತು, ಹೊಟ್ಟೆ ಅಗಲವಾಗಿತ್ತು, ಒಮ್ಮೆ ನೀರಿಗೆ ಇಳಿದರೆ ಮೇಲೆ ಬರಲು ಮನಸ್ಸೇ ಮಾಡುತ್ತಿರಲಿಲ್ಲ. ಇಬ್ಬರಿಗಷ್ಟೇ ಜಾಗ. ಮುಂದೆ ತಂಗಿ, ಹಿಂದೆ ಅಕ್ಕ. ಅಕ್ಕನದು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಕೆಲಸ. ಮನೆಯ ಹಿಂಭಾಗದ ಉದ್ದನೆಯ ಕೋಣೆಯೇ ಅವಳ ಕಾರ್ಖಾನೆ, ಅದರ ಬಾಗಿಲು ತೆರೆದರೆ ಅಂಟಿನ ವಾಸನೆ ಬೀದಿಯವರೆಗೂ ಬರುತ್ತಿತ್ತು. ತಂಗಿ ಊರೊಳಗೆ ಓಡುವ ಬಸ್ಸಿನ ಡ್ರೈವರು. ದಿನವಿಡೀ ಸ್ಟೀರಿಂಗ್ ತಿರುಗಿಸುವ ಕೈ ಅವಳದು. ನೀರಿನ ಮೇಲೆ ಮಾತ್ರ ದೋಣಿಯ ದಿಕ್ಕು ತಿರುಗಿಸುವ ಅಧಿಕಾರ ಅವಳಿಗಿರಲಿಲ್ಲ.

"ರಸ್ತೆ ನಿಂದು, ನೀರು ನಂದು. ಅಲ್ಲಿ ನಿನ್ನ ಹಾರನ್ನು ನಡೆಯಲ್ಲ" ಎಂದು ಅಕ್ಕ ಮೊದಲ ದಿನವೇ ಹೇಳಿಬಿಟ್ಟಿದ್ದಳು.

ಇಬ್ಬರು ಕೂರುವ ದೋಣಿಯಲ್ಲಿ ಒಂದು ಕ್ರಮವಿದೆ. ಮುಂದೆ ಕೂತವರು ಹುಟ್ಟು ಹಾಕುವ ಲಯ ಹಿಡಿಯಬೇಕು. ಹಿಂದೆ ಕೂತವರು ಅದೇ ಲಯಕ್ಕೆ ನೀರು ಎಳೆದು, ಎಳೆತದ ಕೊನೆಗೆ ಹುಟ್ಟನ್ನು ಒಂಚೂರು ತಿರುಚಿ ದೋಣಿಯನ್ನು ನೇರ ಇಡಬೇಕು. ಮುಂದಿನವರು ಹಿಂದಕ್ಕೆ ತಿರುಗಬಾರದು. ಆರಂಭದ ದಿನಗಳಲ್ಲಿ ತಂಗಿ ಏನೋ ಹೇಳಲಿಕ್ಕೆಂದು ಹೊರಳಿ, ಇಬ್ಬರೂ ಹೊಳೆಗೆ ಬಿದ್ದು, ದಡದಲ್ಲಿ ಕಾಯುತ್ತಿದ್ದ ಭಾವ, ಅಕ್ಕನ ಗಂಡ, ತನ್ನ ಅಂಗಿ ಬಿಚ್ಚಿ ಒಬ್ಬಳಿಗೂ, ವ್ಯಾನಿನ ಸೀಟಿನ ಬಟ್ಟೆ ಕಿತ್ತು ಇನ್ನೊಬ್ಬಳಿಗೂ ಹೊದಿಸಬೇಕಾಗಿ ಬಂದಿತ್ತು. ಅಂದಿನಿಂದ ಅದು ಕಾನೂನು. ತಂಗಿ ತಿರುಗುವುದಿಲ್ಲ. ಹಿಂದಿನಿಂದ ಬರುವ ಅಕ್ಕನ ದನಿ, ಅಕ್ಕನ ಹುಟ್ಟು ನೀರಿಗೆ ತಾಗುವ ಸದ್ದು, ಅಷ್ಟೇ ಅವಳ ಪಾಲಿಗೆ ಅಕ್ಕ.

ಭಾವನಿಗೆ ನೀರೆಂದರೆ ಆಗದು. ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಯಂತ್ರ ರಿಪೇರಿ ಮಾಡುವವನು. ಭೂಮಿಯ ಮೇಲೆ ಕಾಲೂರಿ ನಿಂತ ವಸ್ತುಗಳಲ್ಲಿ ಮಾತ್ರ ಅವನಿಗೆ ನಂಬಿಕೆ. ಆದರೂ ಎಮ್ಮೆಯನ್ನು ವ್ಯಾನಿನ ತಲೆಗೆ ಕಟ್ಟಿ ಹೊಳೆಯವರೆಗೆ ತರುವವನು ಅವನೇ, ಕೆಳಗಿನ ದಡದಲ್ಲಿ ಫ್ಲಾಸ್ಕು ಹಿಡಿದು ಕಾಯುವವನೂ ಅವನೇ. "ನಿಮ್ಮ ಹೊಳೆಗಳೆಲ್ಲ ನನಗೆ ಕೊನೆಯಲ್ಲಷ್ಟೇ ಪರಿಚಯ" ಎನ್ನುತ್ತಿದ್ದ.

ಚಳಿ ಹತ್ತಿರವಾಗುತ್ತಿದ್ದ ಹಾಗೆ ವರ್ಷದ ದೋಣಿಯಾಟ ಮುಗಿಯುತ್ತಿತ್ತು. ಆಗ ಎಮ್ಮೆಯನ್ನು ಕಾರ್ಖಾನೆಯೊಳಗೆ ತಂದು, ಮರದ ಸ್ಟ್ಯಾಂಡುಗಳ ಮೇಲೆ ಬೋರಲು ಹಾಕಿ, ಹೊಟ್ಟೆ ತೊಳೆದು ಒರೆಸಿ, ಮೂವರೂ ಅದರ ಸುತ್ತ ಕೂರುವರು. ಅಕ್ಕ ವರ್ಷದ ಕತೆ ಹೇಳಬೇಕು, ಮೊದಲ ಪ್ರಯಾಣದಿಂದ ಕೊನೆಯದರವರೆಗೆ, ಬಿಡದೆ. ಅಕ್ಕನೇ ಏಕೆಂದರೆ ಮುಂದೆ ಕೂತವಳಿಗೆ ಮೂಗಿನ ಎದುರಿನ ಬಂಡೆ, ಕೊಂಬೆ, ಸುಳಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅಕ್ಕ ಹೇಳುವಾಗ ತಂಗಿ ನಡುವೆ ಬಾಯಿ ಹಾಕುವಂತಿಲ್ಲ. ಅದು ಮುಗಿದ ಮೇಲೆ ತಂಗಿಯ ಸರದಿ. ಅವಳು ಎಮ್ಮೆಯ ಹೊಟ್ಟೆಯ ಮೇಲೆ ನಕಾಶೆ ಹಾಸಿ, ಅಕ್ಕ ಪುಸ್ತಕ ಒತ್ತಲು ಇಡುವ ಕಬ್ಬಿಣದ ಗಟ್ಟಿಗಳನ್ನು ನಾಲ್ಕು ಮೂಲೆಗೆ ಇಟ್ಟು, ಮುಂದಿನ ವರ್ಷ ಎಲ್ಲೆಲ್ಲಿ ಹೋಗುವುದೆಂದು ಬೆರಳಿಟ್ಟು ತೋರಿಸುವಳು. ಆ ಬೆರಳು ಪ್ರತಿ ವರ್ಷ ಕೊನೆಗೆ ನಿಲ್ಲುತ್ತಿದ್ದುದು ಒಂದೇ ಕಡೆ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ. ಮನೆಯ ಪಕ್ಕದ ಹೊಳೆಯಲ್ಲೇ ಇಳಿದು, ಎಲ್ಲೂ ನೀರು ಬಿಟ್ಟು ವ್ಯಾನು ಹತ್ತದೆ, ನೀರಲ್ಲೇ ನಾಲ್ಕಾರು ದಿನ ಸಾಗಿ ಉಪ್ಪುನೀರು ಮುಟ್ಟಬೇಕು. ಚಿಕ್ಕಂದಿನಲ್ಲಿ ಕಾಗದದ ದೋಣಿ ಬಿಟ್ಟು, ಅದು ಎಲ್ಲಿಗೆ ಹೋಗುತ್ತೆ ಎಂದು ಜಗಳವಾಡಿದ ಕಾಲದಿಂದಲೂ ಇದ್ದ ಆಸೆ. ಒಂದು ವರ್ಷ ಅಕ್ಕನಿಗೆ ಲೈಬ್ರರಿಯ ಕೆಲಸ, ಒಂದು ವರ್ಷ ತಂಗಿಗೆ ರಜೆ ಇಲ್ಲ, ಇನ್ನೊಂದು ವರ್ಷ ತಂಗಿಯ ಮಗಳ ಬಾಣಂತನ. ಹೀಗೆ ಮುಂದಕ್ಕೆ ಹೋಗುತ್ತಲೇ ಇತ್ತು.

ಈ ವರ್ಷ ತಂಗಿ ಡಿಪೋದಲ್ಲಿ ಎಲ್ಲರ ಕಾಲು ಕೈ ಹಿಡಿದು, ಅವರಿವರ ಪಾಳಿಗಳನ್ನೆಲ್ಲ ಮೊದಲೇ ದುಡಿದುಕೊಟ್ಟು, ಬರುವ ಬೇಸಿಗೆಗೆ ಒಂದು ವಾರ ರಜೆ ಮಂಜೂರು ಮಾಡಿಸಿಕೊಂಡಿದ್ದಳು. ಅಕ್ಕನಿಗೆ ಹೇಳಿರಲಿಲ್ಲ. ನಕಾಶೆ ಹಾಸಿ, ಬೆರಳು ಅಳಿವೆಯಲ್ಲಿ ಇಟ್ಟ ಮೇಲೆ ಹೇಳಬೇಕೆಂದು ಬಾಯಿ ಕಟ್ಟಿಕೊಂಡಿದ್ದಳು.

ಅವಳ ತಲೆಯಲ್ಲಿ ಒಂದೇ ಚಿಂತೆ ಇತ್ತು. ಎಮ್ಮೆ ಭಾರವಾಗಿತ್ತು. ಮಳೆಗಾಲ ಕಳೆದ ಮೇಲೆ ಹೊಳೆಗೆ ಇಳಿದಾಗಲೇ ಗೊತ್ತಾಗಿತ್ತು, ಎಷ್ಟು ಎಳೆದರೂ ಮೊದಲಿನ ಹಾಗೆ ಓಡುತ್ತಿರಲಿಲ್ಲ. ಮರ ನೀರು ಕುಡಿದಿದೆ ಅಂದುಕೊಂಡು ವಾರಕ್ಕೊಮ್ಮೆ ಸಿಗುವ ರಜೆಗಳಲ್ಲಿ ಪೂರ್ತಿ ಬಣ್ಣ ಕೆರೆದು, ಬಿಸಿಲಿಗೆ ಒಣಗಿಸಿ, ಎರಡು ಸಲ ವಾರ್ನಿಶ್ ಬಳಿದಳು. ಆಗಲಿಲ್ಲ. ಅಕ್ಕನ ಚೀಲದ ಮೇಲೆ ಕಣ್ಣು ಬಿತ್ತು. ಸ್ಟೌ, ಕಂಬಳಿ, ಡಬ್ಬಿಗಳು, ಸಂಸಾರವನ್ನೇ ಹೊತ್ತು ತರ್ತೀಯಲ್ಲ ಎಂದು ಬೈದಳು. ಅಕ್ಕ ಒಂದೂ ಮಾತಾಡದೆ ಚೀಲವನ್ನು ವ್ಯಾನಿನಲ್ಲೇ ಬಿಟ್ಟು ಬರತೊಡಗಿದಳು. ಆಗಲೂ ಆಗಲಿಲ್ಲ. ಕೊನೆಗೆ ತಂಗಿ ತನ್ನ ವಯಸ್ಸನ್ನೇ ದೂರಿಕೊಂಡು, ಬಸ್ಸು ನಿಲ್ಲಿಸಿದಾಗಲೆಲ್ಲ ಸ್ಟೀರಿಂಗ್ ಹಿಡಿದು ತೋಳಿಗೆ ಕಸರತ್ತು ಕೊಡತೊಡಗಿದಳು. ಹಿಂದಿನ ಸೀಟಿನ ಹೆಂಗಸರು ಡ್ರೈವರಮ್ಮನಿಗೆ ಏನೋ ಆಗಿದೆ ಅಂತ ಪಿಸುಗುಟ್ಟಿದರು. ಇದೆಲ್ಲ ಹೇಳಿದಾಗ ಭಾವ ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡ.

ಆ ಮಧ್ಯಾಹ್ನ ಅಕ್ಕ ಮಾಮೂಲಿನಂತೆ ಶುರು ಮಾಡಿದಳು. ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡಿದ್ದಳು. ಮೊದಲು ಒಂದು ಗಳಿಗೆ ಕಣ್ಣು ಮುಚ್ಚುವುದು ಅವಳ ರೂಢಿ. ಮುಳುಗಿಸದೆ ದಡ ಸೇರಿಸಿದ್ದಕ್ಕೆ ದೇವರಿಗೆ ಒಂದು ಮಾತು ಹೇಳಿಯೇ ಅವಳು ವರ್ಷದ ಕತೆಗೆ ಬಾಯಿ ತೆರೆಯುತ್ತಿದ್ದುದು.

ವರ್ಷದ ಮೊದಲ ಪ್ರಯಾಣಗಳನ್ನು ಅವಳು ಗಡಸಾಗಿ, ಕೆಲಸದವರ ಹಾಗೆ ಹೇಳಿದಳು. ಸೇತುವೆ ಹತ್ತಿರ ಸುಳಿ ಇತ್ತು, ಎಡಕ್ಕೆ ಒತ್ತಿ ದಾಟಿದೆವು. ಕಲ್ಲುಗಣಿಯ ಬಳಿ ಎದುರುಗಾಳಿ, ಬೆನ್ನು ಮುರಿಯಿತು. ಇಟ್ಟಿಗೆಗೂಡಿನ ತಿರುವಿನಲ್ಲಿ ಎಮ್ಮೆ ಮರಳಿಗೆ ಕೂತಿತು, ಇಳಿದು ತಳ್ಳಿದೆವು. ಮಳೆಗಾಲದವರೆಗಿನ ಎಲ್ಲ ಹೊಳೆಗಳೂ ಹೀಗೆ ನಾಲ್ಕಾರು ಮಾತಿಗೆ ಮುಗಿದುಹೋದವು.

ಮಳೆ ನಿಂತ ಮೇಲಿನದಕ್ಕೆ ಬಂದಾಗ ಅವಳ ದನಿ ಸಡಿಲವಾಯಿತು. ನೀರಿನ ಅಂಚಿಗೆ ಹೊಂದಿಕೊಂಡ ಒಂದು ಮನೆಯ ಮೆಟ್ಟಿಲ ಮೇಲೆ ಮಗನೊಬ್ಬ ಮುದುಕ ಅಪ್ಪನಿಗೆ ಕ್ಷೌರ ಮಾಡುತ್ತಿದ್ದ. ಅಪ್ಪ ಕೂತಲ್ಲೇ ನಿದ್ದೆ ಹೋಗಿದ್ದ. ಮಗ ಕತ್ತರಿ ನಿಲ್ಲಿಸಿ, ತಲೆ ವಾಲದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು, ಆಮೇಲೆ ಉಳಿದದ್ದನ್ನು ಕತ್ತರಿಸಿದ. ಒಂದು ಮಿಂಚುಳ್ಳಿ ಮೀನು ಹಿಡಿದು, ಹಿಡಿದ ಮೀನನ್ನು ಕಳೆದುಕೊಂಡು, ಅದರ ಹಿಂದೆ ಹೋಗದೆ ತಂತಿಯ ಮೇಲೆ ಸುಮ್ಮನೆ ಕೂತಿತ್ತು. ಬಟ್ಟೆ ಒಗೆಯುವವಳೊಬ್ಬಳು ಸೋಪು ಜಾರಿ ಹೋದದ್ದಕ್ಕೆ ಸೋಪಿಗೇ ಬೈದಳು. ತಂಗಿಯ ಎಡಗಿವಿಯ ಹಿಂದೆ ಒಂದೇ ಒಂದು ಬಿಳಿಕೂದಲು ಸುರುಳಿಯಾಗಿ ನಿಂತಿದ್ದು, ಹುಟ್ಟು ಎಳೆದಾಗಲೆಲ್ಲ ಸ್ಪ್ರಿಂಗಿನ ಹಾಗೆ ಕುಣಿಯುತ್ತಿತ್ತು.

ತಂಗಿ ಕಿವಿ ಮುಟ್ಟಿಕೊಂಡು ನಕ್ಕಳು. ಇಷ್ಟು ಚೆನ್ನಾಗಿ ಅಕ್ಕ ಯಾವ ವರ್ಷವೂ ಹೇಳಿರಲಿಲ್ಲ ಅನಿಸಿತು. ಕೇಳುತ್ತ ಕೇಳುತ್ತ ಅವಳಿಗೆ ತಾನು ಆ ಹೊಳೆಗಳಿಗೆ ಹೋಗಿಯೇ ಇರಲಿಲ್ಲವೇನೋ ಎಂಬಂತಾಯಿತು.

ಆಮೇಲೆ ಅಕ್ಕ ರೈಲುಸೇತುವೆಯ ಕಂಬಗಳಿಗೆ ಬಂದಳು. ಅಲ್ಲಿ ಹೊಳೆ ಎರಡು ಕಂಬಗಳ ನಡುವೆ ಕಿರಿದಾಗಿ ನುಗ್ಗುತ್ತದೆ. ಇಬ್ಬರೂ ಉಸಿರು ಕಟ್ಟಿ ಎಳೆಯಬೇಕು, ಇಲ್ಲದಿದ್ದರೆ ನೀರು ದೋಣಿಯನ್ನು ಕಂಬಕ್ಕೆ ಬಡಿಯುತ್ತದೆ. ತಂಗಿಗೆ ಆ ಜಾಗದ ನೆನಪೆಂದರೆ ಹಲ್ಲು ಕಚ್ಚಿದ ನೋವು, ಕಣ್ಣಿಗಿಳಿದ ಬೆವರು, ಅಷ್ಟೇ. ಅಕ್ಕ ಹೇಳಿದಳು: ಎಡಗಡೆ ಕಂಬದ ಕಬ್ಬಿಣಕ್ಕೆ ಯಾರೋ ನೀಲಿ ಅಂಗಿ ನೇತುಹಾಕಿದ್ದರು. ಒಂದು ತೋಳಿಗೆ ಗಂಟು. ಜೇಬಿಗೆ ಬೇರೆ ಬಣ್ಣದ ದಾರದಲ್ಲಿ ಹೊಲಿಗೆ, ಒಳ್ಳೆಯ ಹೊಲಿಗೆ, ಒತ್ತೊತ್ತಾಗಿ. ಜೇಬಿನಲ್ಲಿ ಒಂದು ಬಾಚಣಿಗೆ. ಅದಕ್ಕೆ ಎರಡು ಹಲ್ಲಿರಲಿಲ್ಲ.

ಬಾಯಿ ಹಾಕಬಾರದೆಂಬ ಕಾನೂನನ್ನು ತಂಗಿ ಮುರಿದಳು. ದನಿ ಏರಿಸಲಿಲ್ಲ.

"ಅಕ್ಕ, ಅಲ್ಲಿ ಬಾಚಣಿಗೆ ಹಲ್ಲು ಎಣಿಸೋಕೆ ಆಗುತ್ತಾ?"

ಅಕ್ಕ ಗಂಡನ ಕಡೆ ನೋಡಿದಳು.

"ಹುಟ್ಟು ಎಳೆಯೋರಿಗೆ ಅಲ್ಲಿ ಕಂಬ ಇರೋದೇ ಕಾಣಲ್ಲ. ನೀನು ಎಳೀತಾ ಇರ್ಲಿಲ್ಲ."

ಭಾವ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ, ಮತ್ತೆ ತಿರುಗಿಸಿ ಮುಚ್ಚಿದ. ಆಮೇಲೆ ಹೆಂಡತಿಯ ಮುಖ ನೋಡಿ, ಇನ್ನು ಮುಚ್ಚಿಡೋಕೆ ನನ್ನಿಂದ ಆಗಲ್ಲ ಎಂದ. ಉಳಿದದ್ದನ್ನೆಲ್ಲ ತಂಗಿಗೆ ಹೇಳಿದ್ದು ಅವನೇ. ಮಳೆಗಾಲದಲ್ಲಿ ಮೊದಲು ಅಕ್ಕನ ಬಲಗೈ ಸೋತಿತು. ದಬ್ಬಳ ಹಿಡಿದರೆ ರಟ್ಟಿನೊಳಗೆ ಹೋಗುತ್ತಿರಲಿಲ್ಲ. ಭುಜ ಉಳುಕಿರಬೇಕೆಂದು ಎಣ್ಣೆ ತಿಕ್ಕಿದರು. ಆಮೇಲೆ ಎಡಗೈಗೂ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ಕರೆಂಟು ಕೊಟ್ಟು ನೋಡಿ, ನರಗಳು ಒಂದೊಂದಾಗಿ ಕೆಲಸ ಬಿಡುತ್ತಿವೆ ಎಂದರು. ಕೈ, ಆಮೇಲೆ ಕಾಲು, ಆಮೇಲೆ ಉಸಿರು. ನಿಧಾನ ಮಾಡುವ ಮಾತ್ರೆ ಇದೆ, ನಿಲ್ಲಿಸುವುದು ಇಲ್ಲ. ಈಗ ಪುಸ್ತಕಗಳ ಹೊಲಿಗೆಗೆ ಅವಳು ಜಾಗ ತೋರಿಸುತ್ತಾಳೆ, ದಾರ ಎಳೆಯುವವನು ಅವನು. ಹೊಲಿಗೆ ಸೊಟ್ಟ ಬಂದಿದೆ ಅಂತ ಲೈಬ್ರರಿಯವರು ಎರಡು ಕಟ್ಟು ವಾಪಸು ಕಳಿಸಿದ್ದರು.

"ಆಣೆ ಹಾಕಿಸ್ಕೊಂಡಿದ್ಲು" ಎಂದು ಅವನು ತಲೆ ತಗ್ಗಿಸಿದ.

ತಂಗಿ ಎಮ್ಮೆಯನ್ನು ನೋಡುತ್ತ ಕೂತಳು. ಕೆರೆದ ಬಣ್ಣ, ಬಳಿದ ವಾರ್ನಿಶ್, ಬೈದ ಬೈಗುಳ. ಆದರೆ ತನಗೆ ಪ್ರತಿ ಸಲವೂ ಹಿಂದಿನಿಂದ ಸದ್ದು ಕೇಳಿಸಿತ್ತಲ್ಲ, ತನ್ನ ಎಳೆತಕ್ಕೆ ಸರಿಯಾಗಿ, ತಪ್ಪದೆ? ಕೇಳಿದಳು. ಅಕ್ಕ ಹೇಳಿದ್ದು ಇಷ್ಟು: ಹುಟ್ಟನ್ನು ತೊಡೆಗೆ ಆನಿಸಿಟ್ಟು, ಸೊಂಟ ಬಾಗಿಸಿ ತುದಿಯನ್ನು ನೀರಿಗೆ ಮುಟ್ಟಿಸುತ್ತಿದ್ದಳು. ದಿಕ್ಕು ತಿರುಗಿಸಲು ಅಷ್ಟು ಸಾಕಾಗುತ್ತಿತ್ತು. ಎಳೆಯಲು ಆಗುತ್ತಿರಲಿಲ್ಲ. ಸದ್ದು ನಿಂತರೆ ನೀನು ತಿರುಗಿ ನೋಡುತ್ತೀಯ, ತಿರುಗಿದರೆ ಇಬ್ಬರೂ ಬೀಳುತ್ತೇವೆ.

"ಕಂಬದ ಹತ್ತಿರ ಇಬ್ರೂ ಸಾಯ್ತಿದ್ವಿ" ಎಂದಳು ತಂಗಿ.

"ಸಾಯ್ಲಿಲ್ವಲ್ಲ. ನೀನು ಎಳೆದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ದೋಣಿ ಇಳಿಸ್ತಿರ್ಲಿಲ್ಲ, ಮರಿ."

ಅದು ನಿಜವಾಗಿತ್ತು, ಅದಕ್ಕೇ ತಂಗಿಗೆ ಸಿಟ್ಟು ಬಂತು. ಬೀದಿಗೆ ಬಂದು ಸ್ವಲ್ಪ ಹೊತ್ತು ನಿಂತಳು. ಬಸ್ಸು ಕೆಟ್ಟರೆ ಏನು ಮಾಡಬೇಕೆಂದು ಅವಳಿಗೆ ಗೊತ್ತು. ಇಳಿದು ಬಾನೆಟ್ ಎತ್ತಬೇಕು, ಗೊತ್ತಾಗದಿದ್ದರೆ ಡಿಪೋಗೆ ಫೋನು ಮಾಡಬೇಕು, ಇನ್ನೊಂದು ಬಸ್ಸು ಬಂದು ಜನರನ್ನು ಹತ್ತಿಸಿಕೊಳ್ಳುತ್ತದೆ. ಇಲ್ಲಿ ಯಾರಿಗೆ ಫೋನು ಮಾಡುವುದು? ದೇವರ ಮುಂದೆ ಕೂಗಾಡುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವಳೂ ಕೂಗಾಡಲಿಲ್ಲ. ನಿನಗೆ ಕಾಣ್ತಾ ಇದೆ ತಾನೆ ಎಂದಷ್ಟೇ ಕೇಳಿಕೊಂಡು ಒಳಗೆ ಬಂದಳು.

ಅಕ್ಕ ಕತೆಯನ್ನು ಬಿಟ್ಟ ಜಾಗದಿಂದ ಎತ್ತಿಕೊಂಡು ಕೊನೆಯ ಪ್ರಯಾಣದವರೆಗೂ ಹೇಳಿ ಮುಗಿಸಿದಳು. ಆಮೇಲೆ ಗಲ್ಲದಿಂದ ನಕಾಶೆಯ ಕಡೆ ತೋರಿಸಿ, ಈಗ ನಿನ್ನ ಸರದಿ ಎಂದಳು.

ತಂಗಿ ನಕಾಶೆ ಹಾಸಿದಳು. ಕಬ್ಬಿಣದ ಗಟ್ಟಿಗಳನ್ನು ಭಾವ ಇಟ್ಟ. ಅವಳು ಮೊದಲು ಗಿರಣಿಯ ಹಿಂದಿನ ಕೆರೆಯನ್ನು ತೋರಿಸಿದಳು. ಆಮೇಲೆ ಅಣೆಕಟ್ಟಿನ ಹಿನ್ನೀರು, ನಿಂತ ನೀರು, ಅರ್ಧ ಗಳಿಗೆಯ ಸುತ್ತು. ಬಿಸಿಲಿದ್ದ ದಿನ ಮಾತ್ರ ಎಂದಳು. ಮಧ್ಯದಲ್ಲಿ ದಿಂಬು ಇಟ್ಟುಕೊಳ್ಳಬಹುದು ಎಂದಳು.

"ಕತ್ತರಿ ಹಾಕ್ಬೇಡ" ಎಂದಳು ಅಕ್ಕ. "ನಿನ್ನ ಹೊಟ್ಟೆಯೊಳಗೆ ಏನಿತ್ತೋ ಅದನ್ನ ಹೇಳು. ಬಂದಾಗಿನಿಂದ ನೋಡ್ತಿದೀನಿ, ಬಾಯಿ ಕಟ್ಕೊಂಡು ಕೂತಿದೀಯ."

ತಂಗಿ ಹೇಳಿದಳು. ಒಂದು ವಾರ ರಜೆ, ಬೇಸಿಗೆಗೆ, ಅಳಿವೆಯವರೆಗೆ. ಹೇಳುವಾಗ ಬೆರಳು ನಕಾಶೆಯ ಮೇಲೆ ಇರಲಿಲ್ಲ.

ಅಕ್ಕನ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಗಂಡನ ಕಡೆ ನೋಡಿದಳು. ಅವನು ಕಿಟಕಿ ನೋಡುತ್ತಿದ್ದ. ಬೇಸಿಗೆಯ ಹೊತ್ತಿಗೆ ಅವಳು ಆಸರೆಯಿಲ್ಲದೆ ಕೂರುವುದೇ ಕಷ್ಟ ಎಂದು ಡಾಕ್ಟರು ಅವನಿಗೆ ಹೇಳಿದ್ದರು. ಅವನು ಹೇಳದಿದ್ದರೂ ಆ ಕೋಣೆಯಲ್ಲಿ ಎಲ್ಲರಿಗೂ ತಿಳಿಯಿತು.

ಬೇಸಿಗೆ ಬೇಡ, ಈಗಲೇ ಹೋಗೋಣ ಎಂದವಳು ತಂಗಿ. ಚಳಿಗಾಳಿ ಬೀಸಿ ಅಳಿವೆ ಕೆರಳುವುದಕ್ಕೆ ಇನ್ನೂ ಹದಿನೈದಿಪ್ಪತ್ತು ದಿನವಿದೆ. ಡಿಪೋದವರು ಕೆಲಸದಿಂದ ತೆಗೆದರೂ ತೆಗೆಯಲಿ. ಅಕ್ಕ ಮುಂದೆ ಸುಮ್ಮನೆ ಕೂರಲಿ, ನಾನು ಹಿಂದೆ ಕೂತು ಎಳೆಯುವುದು, ತಿರುಗಿಸುವುದು ಎರಡೂ ಮಾಡುತ್ತೇನೆ. ಇಷ್ಟು ದಿನ ಒಬ್ಬಳೇ ಎಳೆದಿಲ್ಲವೆ? ಬಸ್ಸು ತಿರುಗಿಸುವವಳಿಗೆ ಎಮ್ಮೆ ತಿರುಗಿಸಲು ಬರುವುದಿಲ್ಲವೆ? ಮೂರನೆಯ ಜಾಗ ಇದ್ದಿದ್ದರೆ ನಾನೇ ಬರುತ್ತಿದ್ದೆ ಎಂದ ಭಾವ. ನೀರು ಮುಟ್ಟಲೂ ಹೆದರುವವನು ಅದನ್ನು ನಿಜವಾಗಿಯೇ ಹೇಳಿದ.

"ನಾಳೆ ಕೆರೆಗೆ ಬಾ. ಕೆರೆ ದಾಟಿಸಿದ್ರೆ ಹೊಳೆಗೆ ಹೋಗೋಣ" ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಗಿರಣಿಯ ಹಿಂದಿನ ಕೆರೆಯಲ್ಲಿ ಗಾಳಿ ಇರಲಿಲ್ಲ. ಭಾವ ಅಕ್ಕನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ, ಬೆನ್ನಿಗೆ ದಿಂಬು ಕೊಟ್ಟ. ಹಗುರಾಗಿದೀಯ, ನನ್ನ ಹತ್ತಿರ ಇರೋ ತಕ್ಕಡಿಗೆ ನಾಚಿಕೆ ಆಗುತ್ತೆ ಎಂದ. ಅಕ್ಕ ನಕ್ಕಳು. ತಂಗಿ ಹಿಂದೆ ಕೂತು ನೀರಿಗೆ ನೂಕಿದಳು.

ಮೊದಲ ಬಾರಿಗೆ ಅವಳ ಎದುರಿಗೆ ಅಕ್ಕನ ಬೆನ್ನು ಇತ್ತು. ಸ್ವೆಟರಿನೊಳಗೆ ಭುಜದ ಮೂಳೆಗಳು ಹ್ಯಾಂಗರಿನ ಹಾಗೆ ಎದ್ದಿದ್ದವು. ಅದನ್ನು ನೋಡದಿರಲು ಅವಳು ನೀರನ್ನು ನೋಡಿದಳು, ನೀರು ನೋಡಿದ್ದರಿಂದ ದಿಕ್ಕು ತಪ್ಪಿತು. ಬಲಕ್ಕೆ ಎಳೆದರೆ ಎಮ್ಮೆ ಎಡಕ್ಕೆ ತಿರುಗಿತು. ಸರಿಪಡಿಸಲು ಎಡಕ್ಕೆ ಎಳೆದರೆ ಬಲಕ್ಕೆ ತಿರುಗಿ, ತಿರುಗಿದ್ದು ನಿಲ್ಲದೆ ಪೂರ್ತಿ ಸುತ್ತು ಬಂತು. ಎಳೆತದ ಕೊನೆಗೆ ತಿರುಚು ಎಂದು ಅಕ್ಕ ಮುಂದಿನಿಂದ ಹೇಳಿಕೊಟ್ಟಳು. ಎಷ್ಟು ತಿರುಚಬೇಕು ಎಂದು ತಂಗಿ ಕೇಳಿದಳು. ಅದನ್ನು ಅಕ್ಕ ಕೈಯಿಂದ ತೋರಿಸಬೇಕಿತ್ತು. ತೊಡೆಯ ಮೇಲಿನ ಶಾಲಿನೊಳಗೆ ಕೈ ಒಂಚೂರು ಅಲುಗಿತು, ಅಷ್ಟೇ. ಬಾಯಲ್ಲಿ ಹೇಳಲು ಅವಳಿಗೆ ಮಾತು ಸಿಗಲಿಲ್ಲ. ಇಷ್ಟು ವರ್ಷ ಅದನ್ನು ಯೋಚಿಸಿ ಮಾಡಿದವಳಲ್ಲ ಅವಳು.

ಮತ್ತೆ ನೂಕಿಕೊಂಡು ಹೊರಟರು. ಮತ್ತೆ ಅದೇ ಸುತ್ತು. ಬಸ್ಸಿಗೆ ಚಕ್ರವಿದೆ, ಚಕ್ರಕ್ಕೆ ರಸ್ತೆಯ ಹಿಡಿತವಿದೆ; ಇಲ್ಲಿ ಹಿಡಿಯಲು ಏನೂ ಇಲ್ಲ. ನೇರ ಮಾಡು, ಈ ಒಂದು ಸಲ ನೇರ ಮಾಡು ಎಂದು ತಂಗಿ ಮನಸ್ಸಿನಲ್ಲೇ ಬೇಡಿಕೊಂಡಳು. ಕೆರೆ ನುಣ್ಣಗಿತ್ತು, ಆಕಾಶ ತಿಳಿಯಾಗಿತ್ತು, ಯಾವುದೂ ಅವರಿಗೆ ಅಡ್ಡ ಬಂದಿರಲಿಲ್ಲ. ಎಮ್ಮೆ ಮಾತ್ರ ನಿಧಾನಕ್ಕೆ, ಬಹಳ ಸಮಾಧಾನದಿಂದ, ಹೊರಟ ದಡಕ್ಕೇ ಮೂತಿ ತಿರುಗಿಸುತ್ತಿತ್ತು. ಕೆರೆಯ ಮಧ್ಯ ಕೂಡ ಅವರು ಮುಟ್ಟಲಿಲ್ಲ. ತಂಗಿಯ ತೋಳು ಉರಿಯುತ್ತಿತ್ತು. ಹೊಳೆಯಲ್ಲಾದರೆ ನಾಲ್ಕಾರು ದಿನ, ಅಲ್ಲಿ ಸುಳಿಗಳಿವೆ, ರೈಲುಸೇತುವೆಯ ಕಂಬಗಳಿವೆ, ಕೊನೆಗೆ ಅಳಿವೆಯ ತೆರೆ ಇದೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹದಿನೈದು ದಿನದಲ್ಲಿ ಕಲಿಯುವಂಥದ್ದಲ್ಲ ಎಂದೂ ಹೇಳಲಿಲ್ಲ.

"ಇನ್ನೊಂದು ಸಲ" ಎಂದಳು ಅಕ್ಕ.

ಇನ್ನೊಂದು ಸಲ ಹೋದರು. ಈ ಸಲ ಎಮ್ಮೆ ಜೊಂಡಿನೊಳಗೆ ನುಗ್ಗಿ ಸಿಕ್ಕಿಕೊಂಡಿತು. ತಂಗಿ ಹಿಂದಕ್ಕೆ ಎಳೆದಳು, ಹುಟ್ಟಿನಿಂದ ಕೆಸರು ಒತ್ತಿದಳು. ದೋಣಿ ವಾಲಿತು. ಅಕ್ಕನ ತಲೆ ಒಂದು ಕಡೆಗೆ ಜಾರಿತು, ಅದನ್ನು ಅವಳು ತಾನಾಗಿ ನೇರ ಮಾಡಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ತಂಗಿ ಎದ್ದು ಹೋಗುವಂತಿರಲಿಲ್ಲ. ಎದ್ದರೆ ದೋಣಿ ಮಗುಚುತ್ತದೆ, ಅಕ್ಕ ಇನ್ನು ಈಜಲಾರಳು.

ದಡದಿಂದ ಭಾವ ನೋಡುತ್ತಿದ್ದ. ಫ್ಲಾಸ್ಕನ್ನು ಹುಲ್ಲಿನ ಮೇಲಿಟ್ಟ. ಬೂಟು ಬಿಚ್ಚಲಿಲ್ಲ, ಪ್ಯಾಂಟು ಮಡಚಲಿಲ್ಲ, ಹಾಗೆಯೇ ನೀರಿಗೆ ಇಳಿದ. ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಜೊಂಡು ಹಿಡಿದುಕೊಂಡು, ಬಾಯಲ್ಲಿ ಏನೋ ಹೇಳಿಕೊಳ್ಳುತ್ತ, ಹೆಜ್ಜೆ ತಡವುತ್ತ ಬಂದು ಎಮ್ಮೆಯ ಮೂತಿಯನ್ನು ಎರಡೂ ಕೈಯಲ್ಲಿ ತಬ್ಬಿದ. ಅವನ ಹಲ್ಲು ಕಟಕಟ ಅನ್ನುತ್ತಿತ್ತು.

"ಎಳೀಲಾ, ತಳ್ಳಲಾ?" ಎಂದು ಕೇಳಿದ.

ಎಳೆದರೆ ದಡ, ತಳ್ಳಿದರೆ ಕೆರೆ. ಅದು ತಂಗಿ ಹೇಳುವ ಮಾತಾಗಿರಲಿಲ್ಲ. ಅವಳು ಅಕ್ಕನ ಬೆನ್ನನ್ನೇ ನೋಡುತ್ತ ಕಾದಳು. ಬೆನ್ನು ಏನನ್ನೂ ಹೇಳಲಿಲ್ಲ. ಅಕ್ಕನ ಮುಖ ಕಾಣುತ್ತಿದ್ದುದು ಭಾವನಿಗೆ ಮಾತ್ರ. ದಡಕ್ಕೆ ಮರಳಲು ಆ ಮುಖಕ್ಕೆ ಮನಸ್ಸಿರಲಿಲ್ಲ, ಮುಂದೆ ಹೋಗುವ ಆಸೆಯೂ ಉಳಿದಿರಲಿಲ್ಲ; ಅವನು ಅದನ್ನು ನೋಡಿದ, ಮತ್ತೆ ಕೇಳಲಿಲ್ಲ. ಎಳೆಯಲೂ ಇಲ್ಲ, ತಳ್ಳಲೂ ಇಲ್ಲ. ಸೊಂಟದವರೆಗಿನ ತಣ್ಣನೆಯ ನೀರಿನಲ್ಲಿ ದೋಣಿಯನ್ನು ಅಲುಗದ ಹಾಗೆ ಹಿಡಿದುಕೊಂಡು ನಿಂತ.